ಎಂಬತ್ತು ದಾಟಿದರೆ ನಡುಗುವ ಕೈ

“ನಡಗೂದು ನಿಮ್ಮ ಕೈ ಅಲ್ರೀ ಅಕ್ಕಾರ, ಗಾಡಿ ಗಾಲಿ,” ಎಂದರು ಬಿಬವೇವಾಡಿಯ ಟೈರ್ ಅಂಗಡಿಯಲ್ಲಿದ್ದ, ನಮ್ಮ ಕಡೆಯವರೇ ಆದ ಮೆಕ್ಯಾನಿಕ್. ಮುಂದಿನ ಎಡಗಾಲಿಯ ಅಂಚಿನಲ್ಲಿದ್ದ ಸಣ್ಣ ಸೀಸದ ತುಂಡು ಉದುರಿ, ಗಾಲಿಯ ಸಮತೂಕ ತಪ್ಪಿತ್ತಂತೆ.

ಐವತ್ತನೆಯ ವಯಸ್ಸಿನಲ್ಲಿ ಕಾರು ಕಲಿತವಳು ನಾನು. ಸಾತಾರಾ ಹೆದ್ದಾರಿಯಲ್ಲಿ ವೇಗ ಎಂಬತ್ತು ದಾಟಿದರೆ ಸ್ಟೀರಿಂಗ್ ಗಡಗಡ ನಡುಗುತ್ತಿತ್ತು. ಹೇಳಿದಾಗ ಯಜಮಾನರು ತಾವೇ ಓಡಿಸಿ ನೋಡಿ, “ಗಾಡಿ ಬರೊಬ್ಬರಿ ಅದ. ಅಂಜಿಕಿ ನಿನ್ನ ಕೈಯಾಗ ಅದ,” ಎಂದಿದ್ದರು. ನಾನೂ ನಂಬಿದ್ದೆ.

“ನೀವು ಎಷ್ಟು ಸ್ಪೀಡಿನಾಗ ಓಡಿಸಿ ನೋಡಿದ್ರಿ ಸಾಹೇಬ್ರ?” ಇದನ್ನೆಲ್ಲ ನನ್ನಿಂದ ಕೇಳಿದ ಮೆಕ್ಯಾನಿಕ್ ಯಜಮಾನರತ್ತ ತಿರುಗಿ ಕೇಳಿದರು.

ಪಕ್ಕದಲ್ಲಿದ್ದ ಯಜಮಾನರು ಮೆಲ್ಲಗೆ, “ನಾ ಅರವತ್ತು ದಾಟಂಗಿಲ್ರಿ,” ಎಂದರು.

ಗಾಲಿ ಅರ್ಧ ಗಂಟೆಯಲ್ಲಿ ಸರಿಹೋಯಿತು. ಈಗ ಸ್ಟೀರಿಂಗ್ ನಡುಗುವುದಿಲ್ಲ. ಆದರೂ ಎಂಬತ್ತು ದಾಟಿದಾಗಲೆಲ್ಲ ನನ್ನ ಕಣ್ಣು ರಸ್ತೆ ಬಿಟ್ಟು ಒಮ್ಮೆ ನನ್ನ ಕೈಗಳ ಮೇಲೆ ಹೋಗಿ ಬರುತ್ತದೆ.