ನೋಡದೆ ಬೇಡ ಅನ್ನದವರು

ಮೊನ್ನೆ ಬೆಳಿಗ್ಗೆ ಕುಕ್ಕರಿಗೆ ನೀರು ಹಾಕುವುದನ್ನೇ ಮರೆತು ಒಲೆ ಹಚ್ಚಿಬಿಟ್ಟಿದ್ದೆ. ರಬ್ಬರ್ ಸುಟ್ಟ ವಾಸನೆ ನಡುಮನೆಗೆ ಬಂದಾಗ ಮೊದಲು ನೆನಪಾದದ್ದು ಗ್ಯಾಸ್ ಆರಿಸಬೇಕೆಂದಲ್ಲ, ಬೀರೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ. ಅವರು ಕುಕ್ಕರ್ ಇಟ್ಟರೆ ಸೀಟಿ ಮುಗಿಯುವವರೆಗೂ ಹಿತ್ತಲಲ್ಲೇ ಪಾತ್ರೆ ತೊಳೆಯುತ್ತ ನಿಲ್ಲುತ್ತಿದ್ದರು, ಕಿವಿ ಮಾತ್ರ ಒಳಗೆ...

ಹೆದರುಪುಕ್ಕಲಿ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಹಿಂದೆ ಏನಾದರೂ ಆಗಿತ್ತಾ ಅಕ್ಕ ಎಂದು ನಾನೂ ಒಮ್ಮೆ ಕೇಳಿದ್ದೆ. "ಏನೂ ಆಗಿಲ್ಲ ಕಣೇ. ಆಗದೇ ಇರ್ಲಿ ಅಂತ ತಾನೇ ಇಷ್ಟೆಲ್ಲ," ಅಂದಿದ್ದರು.

ಅವರ ಮಗಳು ಹೈಸ್ಕೂಲಿನಲ್ಲಿದ್ದಾಗ ಶಾಲೆಯವರು ಮಕ್ಕಳನ್ನು ಹೆಬ್ಬೆ ಜಲಪಾತಕ್ಕೆ ಕರೆದೊಯ್ಯುವವರಿದ್ದರು. ಅಕ್ಕ ಬೇಡ ಅಂದುಬಿಟ್ಟರು. ಹುಡುಗಿ ಅತ್ತಳು, ಊಟ ಬಿಟ್ಟಳು, ಆಮೇಲೆ ಅದಕ್ಕಿಂತ ಹರಿತವಾದದ್ದೊಂದನ್ನು ಹುಡುಕಿಕೊಂಡಳು. ಬೇರೆ ಗ್ರಹದ ಜೀವಿಗಳ ಮೇಲೊಂದು ಕಥೆ ಬರೆದು ತರಲು ಮೇಷ್ಟ್ರು ಹೇಳಿದ್ದರಂತೆ. ನಾನೂ ಅಕ್ಕನೂ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ಬಂದು ಗಟ್ಟಿಯಾಗಿ ಓದಿದಳು. ಆ ಗ್ರಹದವರಿಗೆ ಏಳು ಕಾಲು. ಆರು ಊರಿದಲ್ಲೇ ಇರುತ್ತವೆ, ಏಳನೆಯದು ಮುಂದಿನ ನೆಲವನ್ನು ಮುಟ್ಟಿ ಮುಟ್ಟಿ ನೋಡುತ್ತದೆ. ಕುರ್ಚಿ ಅಲ್ಲಾಡಿಸಿ ನೋಡದೆ ಕೂರುವವರಲ್ಲ. ಭೂಮಿಗೆ ಹೊರಟ ಅವರ ಹಾರುವ ಹಡಗು ಬೀರೂರು ಜಂಕ್ಷನ್ನಿನ ಮೇಲೆ ಬಂದು, ರೈಲು ಹೋಗಲಿ ಆಮೇಲೆ ಇಳಿಯೋಣ ಎಂದು ಇನ್ನೂ ಕಾಯುತ್ತಿದೆ. ಒಂದು ಹೋದರೆ ಇನ್ನೊಂದು ಬರುತ್ತದಲ್ಲ...

ನಾನು ನಕ್ಕುಬಿಟ್ಟೆ. ಅಕ್ಕ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಕೈಯಲ್ಲಿದ್ದ ಕಾಯಿ ಬಿಡಿಸಿ ಹುಳ ಇದೆಯಾ ನೋಡಿ, "ಕಾಲು ಸರಿಯಾಗೈತೆ. ಮನಸ್ಸು ತಪ್ಪು ಬರ್ದಿದೀಯ," ಅಂದರು.

"ಅವರಿಗೆಲ್ಲೈತಮ್ಮ ಮನಸ್ಸು? ಬರೀ ಪುಕುಪುಕು."

"ಪುಕುಪುಕು ಅನ್ನೋದು ಸುಮ್ನೆ ಕೂತೋರಿಗೆ. ಭಯ ಅಂದ್ರೆ ಇವರಿಗೆ ಕೆಲಸ ಕಣೇ, ದಿನಾ ಕಸ ಗುಡಿಸ್ದಂಗೆ."

ಅಂದಿನಿಂದ ಸಂಜೆಯಾದರೆ ಅದೇ ಮಾತು. ಮಗಳು ಗೇಲಿ ಮಾಡುವುದು, ತಾಯಿ ಆ ಕಾಣದ ಜನರ ಪರವಾಗಿ ವಕಾಲತ್ತು ವಹಿಸುವುದು. ಅವರಲ್ಲಿ ಧೈರ್ಯ ಅನ್ನುವುದಕ್ಕೆ ಪದವೇ ಇಲ್ಲವಂತೆ. ಪ್ರೀತಿಗೂ ಇಲ್ಲ. ಯಾರನ್ನಾದರೂ ಹಚ್ಚಿಕೊಂಡರೆ "ನೀನು ಹೋಗೋ ದಾರಿ ನೋಡ್ಕಂಡ್ ಬಂದೆ" ಅನ್ನುತ್ತಾರಂತೆ, ಕೇಳಿಸಿಕೊಂಡವರು ನಾಚಿಕೊಳ್ಳುತ್ತಾರಂತೆ. ಅವರಲ್ಲೂ ಸೋಮಾರಿಗಳಿದ್ದಾರಂತೆ, ನೋಡುವ ಕಷ್ಟ ಯಾರಿಗೆ ಬೇಕೆಂದು ಎಲ್ಲಕ್ಕೂ ಬೇಡ ಅಂದುಬಿಡುವವರು. ಅಂಥವರಿಗೆ ಊರಲ್ಲಿ ಮರ್ಯಾದೆ ಇಲ್ಲ.

"ಅದ್ಯಾಕೆ?" ಅಂದಳು ಮಗಳು.

"ನೋಡ್ದೆ ಹೂಂ ಅನ್ನೋದೂ ಒಂದೇ, ನೋಡ್ದೆ ಬೇಡ ಅನ್ನೋದೂ ಒಂದೇ. ಎರಡಕ್ಕೂ ಕಣ್ಣು ಬೇಕಿಲ್ಲ."

ಹುಡುಗಿ ಪೆನ್ನು ಕೆಳಗಿಟ್ಟಳು. "ಅಮ್ಮಾ, ನೀನು ಹೆಬ್ಬೆ ನೋಡಿದೀಯ?"

ಅಕ್ಕ ಮೊರ ಎತ್ತಿಕೊಂಡು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತಿದ್ದರು. "ನೀನೂ ಬತ್ತೀಯೇನೇ? ಒಬ್ಳೇ ಹೋಗಕ್ಕೆ ಭಯ." ತರೀಕೆರೆಗೆ ರೈಲು, ಅಲ್ಲಿಂದ ಬಸ್ಸು, ಕೊನೆಗೆ ಜೀಪು. ಹತ್ತುವ ಮೊದಲು ಬ್ರೇಕ್ ಒತ್ತಿ ತೋರಿಸಪ್ಪ ಎಂದರು. "ಏನಕ್ಕಾ, ಆರ್‌ಟಿಓ ಆಫೀಸಿಂದ ಬಂದ್ರಾ?" ಎಂದು ಡ್ರೈವರ್ ಅಣಕಿಸಿದ, ಒತ್ತಿಯೂ ತೋರಿಸಿದ. ಜೀಪು ಇಳಿದ ಮೇಲೆ ಕಾಲುದಾರಿ. ಹಳ್ಳ ಬಂದಲ್ಲಿ ಅಕ್ಕ ಮುಂದೆ ಹೋಗಿ ಕೋಲಿನಿಂದ ಆಳ ನೋಡಿ, ತಿರುಗಿ ಬಂದು, ನನ್ನ ಕೈ ಹಿಡಿದು ದಾಟಿಸಿದರು.

ನೀರು ಬೀಳುವಲ್ಲಿ ಬಹಳ ಹೊತ್ತು ನಿಂತೆವು. ಕಾಲ ಬೆರಳಿನಿಂದ ಒಂದೊಂದೇ ಬಂಡೆ ಒತ್ತಿ ನೋಡುತ್ತಿದ್ದವರು ಆಮೇಲೆ ಅದನ್ನೂ ಬಿಟ್ಟು ತಲೆಯೆತ್ತಿ ನಿಂತರು. ಮುಖವೆಲ್ಲ ಒದ್ದೆ. "ಅಪಾಯ ಐತೆ ಕಣೇ," ಅಂದರು. ಮುಗಿಯಿತು, ಹುಡುಗಿಗೆ ಈ ಯೋಗವಿಲ್ಲ ಅಂದುಕೊಂಡೆ. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಅವರೇ, "ಆದ್ರೂ ಇದನ್ನ ಅವಳು ನೋಡ್ಬೇಕು," ಅಂದರು.

ಮನೆಗೆ ಬಂದು ಮಗಳಿಗೆ ಹೇಳಿದ್ದು ಇಷ್ಟೇ: "ಎಡಗಡೆ ಬಂಡೆ ಜಾರ್ತೈತೆ. ಬಲಗಡೆ ನಿಂತ್ಕೋ." ಹುಡುಗಿ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದಳು. ಅವಳು ಹೋಗಿ ಬಂದ ದಿನ, ಶಾಲೆಯ ಬಸ್ಸು ಬೀದಿಯ ತಿರುವಿಗೆ ಬರುವವರೆಗೂ ಅಕ್ಕ ಒಂದು ತೊಟ್ಟು ನೀರು ಕುಡಿಯಲಿಲ್ಲ. ಹೂಂ ಅಂದ ಮಾತ್ರಕ್ಕೆ ಭಯ ಹೋಗಿಬಿಡುತ್ತದೆಯೇ... ಕಥೆಗೆ ಬಹುಮಾನವೇನೂ ಬರಲಿಲ್ಲ. ಹಡಗು ಕೊನೆಗೂ ಇಳಿಯಲಿಲ್ಲವಲ್ಲ ಎಂದು ಮೇಷ್ಟ್ರು ಬೇಸರಪಟ್ಟರಂತೆ.

ಆಮೇಲೆ ನಾವು ಕಡೂರಿಗೆ ಬಂದೆವು. ಅಕ್ಕ ತೀರಿಕೊಂಡು ಈಗ ಎರಡು ವರ್ಷ. ಬರೀ ಜ್ವರವೆಂದು ಶುರುವಾಗಿದ್ದು, ಅಷ್ಟು ಎಚ್ಚರವಾಗಿದ್ದವರನ್ನೂ ಬಿಡಲಿಲ್ಲ.

ಈಗ ನನ್ನ ಮಗಳು ಲೈನ್‌ಮನ್ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ವಿದ್ಯುತ್ ಕಂಬ ಹತ್ತಿ ತೋರಿಸಬೇಕಂತೆ. ಬೇಡ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಹಿಡಿದುಕೊಂಡೆ. ನಿನ್ನೆ ಅವಳಿಗೆ ಹೇಳದೆ, ಊರಾಚೆ ಹುಡುಗರು ಹತ್ತುವುದನ್ನು ಕಲಿಯುವ ಬಯಲಿಗೆ ಹೋದೆ. ತಂತಿಯಿಲ್ಲದ ಒಂಟಿ ಕಂಬ. ಎರಡೂ ಕೈಯಿಂದ ಅಲ್ಲಾಡಿಸಿ ನೋಡಿದೆ, ಗಟ್ಟಿಯಾಗೇ ಇತ್ತು. ಆದರೆ ಆ ಎತ್ತರ... ಕತ್ತು ನೋಯುವವರೆಗೂ ಮೇಲೆ ನೋಡುತ್ತ ನಿಂತೆ. ಮನೆಗೆ ಹೋಗಿ ಮಗಳಿಗೆ ಏನು ಹೇಳಬೇಕೆಂಬುದು ನನಗೆ ಗೊತ್ತಿತ್ತು. ಅದಕ್ಕೆ ಮೊದಲು ಪಕ್ಕದಲ್ಲಿ ನಿಂತು, ಅಪಾಯ ಐತೆ ಕಣೇ ಅನ್ನುವವರೊಬ್ಬರು ಬೇಕಾಗಿತ್ತು.