ಟಾರ್ಚಿನಡಿ ಅಮ್ಮನ ವಜ್ರದೋಲೆ

ನಮ್ಮ ಭಾವನಿಗೆ ನಿವೃತ್ತಿಯಾದ ಮೇಲೆ ಮಾಡಲು ಕೆಲಸವಿರಲಿಲ್ಲ. ಆನ್‌ಲೈನಿನಲ್ಲಿ ಒಂದು ನೇರಳಾತೀತ ಟಾರ್ಚು ತರಿಸಿಕೊಂಡರು. ಕತ್ತಲಲ್ಲಿ ಅದರ ಬೆಳಕು ಬಿಟ್ಟರೆ ಕೆಲವು ಹರಳು ಬೇರೆಯದೇ ಬಣ್ಣಕ್ಕೆ ಹೊಳೆಯುತ್ತವೆ. ಎರಡು ವಿಡಿಯೊ ನೋಡಿ ರತ್ನಪರೀಕ್ಷಕರೇ ಆಗಿಬಿಟ್ಟರು. ಯಾದವಗಿರಿಯ ನೆಂಟರಿಷ್ಟರ ಉಂಗುರ, ಮೂಗುಬೊಟ್ಟು ಯಾವುದನ್ನೂ ಬಿಡದೆ, ಇದು ಅಸಲಿ, ಇದು ಗಾಜು ಎಂದು ತೀರ್ಪು ಕೊಡುತ್ತಿದ್ದರು. ನನಗೆ ಆ ಮನುಷ್ಯನನ್ನು ಕಂಡರೆ ಮೊದಲಿನಿಂದಲೂ ಆಗುವುದಿಲ್ಲ.

ಗೌರಿಹಬ್ಬಕ್ಕೆ ಅಕ್ಕ, ಭಾವ ಬಾಗಿನ ತೆಗೆದುಕೊಳ್ಳಲು ನಮ್ಮ ಮನೆಗೆ ಬಂದರು. ಅಮ್ಮ ಇರುವುದು ನನ್ನ ಜೊತೆ. ಹಬ್ಬವೆಂದು ಅವಳು ಅಜ್ಜಿಯಿಂದ ಬಂದ ಏಳು ಕಲ್ಲಿನ ವಜ್ರದೋಲೆ ಹಾಕಿಕೊಂಡಿದ್ದಳು. ವರ್ಷವಿಡೀ ಆ ಓಲೆ ನನ್ನ ಬೀರುವಿನಲ್ಲಿರುತ್ತದೆ. ಊಟ ಮುಗಿಯುತ್ತಲೇ ಭಾವ ಪರದೆ ಎಳೆದು, ಅಮ್ಮನಿಂದ ಓಲೆ ಬಿಚ್ಚಿಸಿ ಟಾರ್ಚು ಬಿಟ್ಟರು. ಕೆಲವು ಕಲ್ಲು ನೀಲಿಯಾಗಿ ಹೊಳೆದವು, ಒಂದು ಹಳದಿಗೆ ತಿರುಗಿತು, ಉಳಿದವು ಕಪ್ಪಗೆ ಸುಮ್ಮನಿದ್ದವು.

"ನೋಡಿದ್ರಾ ಅತ್ತೆ? ಅಸಲಿ ವಜ್ರ ನೀಲಿ ಹೊಳೀಬೇಕು. ಮಿಕ್ಕಿದ್ದನ್ನ ಯಾರೋ ಬದಲಾಯ್ಸ್‌ಬುಟ್ಟಿದ್ದಾರೆ," ಎಂದರು.

ಯಾರೋ! ಬೀರುವಿನ ಬೀಗದ ಕೈ ಇರುವುದು ನನ್ನ ಸೊಂಟದಲ್ಲಿ. ಮೈಯೆಲ್ಲ ಉರಿದುಹೋಯಿತು. ಅಕ್ಕ ಏನಾದರೂ ಅಂದಾಳು ಎಂದು ಅವಳ ಕಡೆ ನೋಡಿದೆ. ಅವಳು ಎಲೆಅಡಿಕೆ ತಟ್ಟೆಯನ್ನೇ ನೋಡುತ್ತ ಕೂತಿದ್ದಳು.

"ಕಳ್ಳಿ ಅಂತ ನೇರವಾಗೇ ಅಂದ್ಬುಡಿ ಭಾವ," ಎಂದೆ.

"ಛೆ, ನಾನೆಲ್ಲಿ ಹಂಗಂದೆ? ಲೈಟು ಹೇಳ್ತಿದೆ ಕಣಮ್ಮ," ಎಂದು ನಕ್ಕರು. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಹಬ್ಬ ಕಳೆದ ಮೇಲೆ ಮೂವರನ್ನೂ ಹರಳು ಪರೀಕ್ಷಿಸುವ ಲ್ಯಾಬಿಗೆ ಎಳೆದುಕೊಂಡು ಹೋದೆ. ಅಲ್ಲಿನ ಪರೀಕ್ಷಕಿ ಬೇರೆ ಯಂತ್ರಗಳಲ್ಲೂ ನೋಡಿ, ಅಷ್ಟೂ ಕಲ್ಲು ಗಣಿಯಿಂದ ಬಂದ ವಜ್ರವೇ ಎಂದರು.

"ಗಣಿ ವಜ್ರ ಒಂದೊಂದು ಒಂದೊಂದ್ ಥರ ಹೊಳೆಯುತ್ತೆ, ಎಷ್ಟೋ ಹೊಳೆಯೋದೇ ಇಲ್ಲ. ಎಲ್ಲಾ ಒಂದೇ ಸಮ ಹೊಳೆದಿದ್ರೆ ನಂಗೆ ಅನುಮಾನ ಬರ್ತಿತ್ತು."

ಭಾವ ತಪ್ಪನ್ನೆಲ್ಲ ಟಾರ್ಚಿನ ತಲೆಗೆ ಕಟ್ಟಿದರು. ಕಂಪನಿ ಮಾಲು ಸರಿಯಿಲ್ಲವಂತೆ. ನನಗೆ ಯಾರೂ ತಪ್ಪಾಯಿತು ಎನ್ನಲಿಲ್ಲ.

ಹೊರಗೆ ಬಂದ ಮೇಲೆ ಓಲೆಯ ಡಬ್ಬಿಗಾಗಿ ಕೈ ಚಾಚಿದೆ. ಅಮ್ಮ ಅದನ್ನು ಅಕ್ಕನ ಬ್ಯಾಗಿಗೆ ಹಾಕುತ್ತಿದ್ದಳು.

"ಅವಳ್ ಹತ್ರಾನೇ ಇರ್ಲಿ ಬುಡು," ಎಂದಳು. "ಇನ್ಮೇಲೆ ಯಾರೂ ಏನೂ ಅನ್ನೋ ಹಂಗಿರಲ್ಲ."