ಜಯತೀರ್ಥರ ಕಸೂತಿ

ಹೈಸ್ಕೂಲಿನ ವಿಜ್ಞಾನ ಪ್ರದರ್ಶನದಲ್ಲಿ ಪದ್ಮಾಬಾಯಿಗೆ ಕಸೂತಿಯಲ್ಲಿ ಎರಡನೆಯ ಬಹುಮಾನ ಬಂತು. ಅವರು ಸೂಜಿ ಹಿಡಿಯುತ್ತಿದ್ದದ್ದು ಗಂಡನ ಅಂಗಿಗೆ ಗುಂಡಿ ಹಚ್ಚುವುದಕ್ಕೆ ಮಾತ್ರ. ಅದೂ ಗಂಡ ಎರಡು ಸಲ ನೆನಪು ಮಾಡಿದ ಮೇಲೆ.

ಆದದ್ದು ಇಷ್ಟು. ಅವರ ಯಜಮಾನರು ಜಯತೀರ್ಥರು ಬೆಟಗೇರಿಯ ತಮ್ಮ ಮನೆಯ ಮಾಳಿಗೆಯ ಮೇಲೆ ಸಣ್ಣ ದೂರದರ್ಶಕ ಇಟ್ಟು ಮಹಾವ್ಯಾಧ ನಕ್ಷತ್ರಪುಂಜದ ಫೋಟೊ ತೆಗೆದಿದ್ದರು. ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಪ್ರದರ್ಶನಕ್ಕೆ ಕೊಟ್ಟರು. ವಿಜ್ಞಾನದ ಮೇಜಿನ ಮೇಲೆ ಒಂಬತ್ತನೇ ಇಯತ್ತೆಯ ಜ್ವಾಲಾಮುಖಿ ಹೊಗೆ ಬಿಡುತ್ತ ಜಾಗವನ್ನೆಲ್ಲ ನುಂಗಿತ್ತು. ಹಾಗಾಗಿ ಯಾರೋ ಫೋಟೊವನ್ನು ಪಕ್ಕದ ಕರಕುಶಲದ ಮೇಜಿಗೆ ಸರಿಸಿದರು. ಕಪ್ಪು ನೆಲ, ಅದರ ತುಂಬ ಬಿಳಿಯ ಪುಟ್ಟ ಪುಟ್ಟ ಅಂಕುಡೊಂಕು ಗೆರೆ. ಒಂದು ಇದ್ದಂತೆಯೇ ಇನ್ನೊಂದು, ಎಲ್ಲಿಯೂ ಎಳೆ ತಪ್ಪಿಲ್ಲ. ತೀರ್ಪು ಕೊಡಲು ಬಂದಿದ್ದ ಮಹಿಳಾ ಮಂಡಳದ ಅಧ್ಯಕ್ಷೆ ತುಳಸಾಬಾಯಿ ಕನ್ನಡಕ ಏರಿಸಿ ನೋಡಿದರು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಇಷ್ಟು ಒಂದೇ ಸಮ ಕಸೂತಿ ಹಾಕಿದವರನ್ನು ತಾವು ಈ ಊರಲ್ಲಿ ಕಂಡಿಲ್ಲವೆಂದು ಹೇಳಿದರು. ಚೀಟಿಯಲ್ಲಿ ಇದ್ದದ್ದು ಮನೆತನದ ಹೆಸರು ಮಾತ್ರ. ಆ ಮನೆತನದಲ್ಲಿ ಕಸೂತಿ ಹಾಕುವವರು ಇನ್ನಾರು? ವೇದಿಕೆಯಿಂದ ಪದ್ಮಾಬಾಯಿಯ ಹೆಸರು ಕೂಗಿದರು.

ಹೋಗದೆ ಇದ್ದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಗಂಡನ ನಕ್ಷತ್ರಗಳು ಸೊಟ್ಟ ಎಂದು ಊರಿಗೆಲ್ಲ ಸಾರಬೇಕು. ಪದ್ಮಾಬಾಯಿ ಸೆರಗು ಹೊದ್ದು ಹೋಗಿ ಸ್ಟೀಲಿನ ಡಬ್ಬಿ ತೆಗೆದುಕೊಂಡು ಬಂದರು. ಚಂದ್ರನೇ ಇಲ್ಲದ ರಾತ್ರಿಯ ಚಿತ್ರಕ್ಕೆ ಚಂದ್ರಕಾಳಿಯ ಮರ್ಯಾದೆ. ಎಲ್ಲರೂ ಚಪ್ಪಾಳೆ ನಿಲ್ಲಿಸಿದ ಮೇಲೂ ಜಯತೀರ್ಥರು ತಟ್ಟುತ್ತಲೇ ಇದ್ದರು; ನಿಲ್ಲಿಸಿದರೆ ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವರಿಗೆ ತಿಳಿಯಲಿಲ್ಲ.

ಜಯತೀರ್ಥರು ಗದಗಿನ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತರು. ಊರಿಗೆ ಬೆಳಕು ಹಂಚುವ ಕಚೇರಿಯ ಸಂಬಳ ಉಂಡು ಕತ್ತಲೆಗೆ ನಿಷ್ಠರಾಗಿದ್ದ ಮನುಷ್ಯ. ಕರೆಂಟು ಹೋದಾಗ ಇಡೀ ಓಣಿ ಅವರ ಕಚೇರಿಗೆ ಶಾಪ ಹಾಕುತ್ತಿದ್ದರೆ ಅವರು ಮಾತ್ರ ಎರಡೆರಡು ಮೆಟ್ಟಿಲು ಹಾರಿ ಮಾಳಿಗೆ ಏರುತ್ತಿದ್ದರು. ಹಗಲೆಲ್ಲ ವಿದ್ಯುತ್ ಮಂಡಳಿ, ರಾತ್ರಿಯೆಲ್ಲ ತಾರಾಮಂಡಲ. ಪದ್ಮಾಬಾಯಿಯ ಪಾಲಿಗೆ ಬಂದದ್ದು ಅವರ ಮಂಡಿಗೆ ಎಣ್ಣೆ ತಿಕ್ಕುವ ಕೆಲಸ.

ಮಂಡಿನೋವಿಗೂ ಕಾರಣವಿತ್ತು. ಪುಣೆಯಿಂದ ತರಿಸಿದ ಮೂರಿಂಚಿನ ಲೆನ್ಸು, ತಗಡಿನ ಕೊಳವೆ, ಸೈಕಲ್ ಗಾಲಿಯ ಹಬ್ಬಿನ ಮೇಲೆ ಕೂಡಿಸಿದ ಕಾಲು: ಇದು ಅವರ ದೂರದರ್ಶಕ. ಅದರ ಬೆನ್ನ ಮೇಲೆ ಕ್ಯಾಮೆರಾ ಕಟ್ಟಿ ಅದರ ಕಣ್ಣು ತೆರೆದಿಡುತ್ತಿದ್ದರು. ಭೂಮಿ ತಿರುಗಿದಂತೆ ಆಕಾಶದ ಚಿಕ್ಕಿಗಳು ಸರಿಯುತ್ತವಲ್ಲ, ಅದಕ್ಕಾಗಿ ದೂರದರ್ಶಕದಲ್ಲಿ ಒಂದು ಚಿಕ್ಕಿಯನ್ನು ಹಿಡಿದು, ಅದು ಕದಲದಂತೆ ಕೈಯಿಂದ ತಿರುಪು ತಿರುಗಿಸುತ್ತ ಇಪ್ಪತ್ತು ನಿಮಿಷ ಮಂಡಿಯೂರಿ ಇರಬೇಕು. ಚಿಕ್ಕಿ ಕದಲಿತೋ ಇಲ್ಲವೋ ತಿಳಿಯಲು ಕಣ್ಣಿಡುವ ಗಾಜಿನೊಳಗೆ ಅಡ್ಡಕ್ಕೊಂದು, ಉದ್ದಕ್ಕೊಂದು ಎಳೆ ಬೇಕು. ದಾರ ಹಾಕಿದರು, ಬಾವಿಯ ಹಗ್ಗದಷ್ಟು ದಪ್ಪ ಕಂಡಿತು. ಜೇಡನ ಬಲೆ ಹಾಕಿದರು; ಉಸಿರಿಗೇ ಹರಿಯಿತು. ಕೊನೆಗೆ ಒಂದು ಮುಂಜಾನೆ ಪದ್ಮಾಬಾಯಿಯ ಬಾಚಣಿಕೆಯಿಂದ ಎರಡು ಕೂದಲು ಬಿಡಿಸಿಕೊಂಡು ಹೋಗಿ ಅಂಟಿಸಿ, "ಹಾಂ, ಇದು ನಡೀತದ" ಎಂದರು. ಮದುವೆಯಾದಂದಿನಿಂದ ಆ ಕೂದಲಿನ ಬಗ್ಗೆ ಅವರು ಆಡಿದ ಏಕೈಕ ಒಳ್ಳೆಯ ಮಾತು ಅದು.

ಮಾಳಿಗೆಯಿಂದ ಗಂಡ ಇಳಿದು ಬಂದಾಗ ಮುಖದ ಮೇಲೆ ಇರುತ್ತಿದ್ದ ಕಳೆಯನ್ನು ಪದ್ಮಾಬಾಯಿ ಎಷ್ಟೋ ವರ್ಷದಿಂದ ನೋಡಿದ್ದರು. ದೇವರ ಪೂಜೆ ಮುಗಿಸಿ ಎದ್ದಾಗಲೂ ಅಷ್ಟು ಇರುತ್ತಿರಲಿಲ್ಲ. ಮೇಲೆ ಏನೋ ಭಾರಿ ಕಾಣುತ್ತಿರಬೇಕು. ಒಮ್ಮೆ ತಾವೂ ಹೋಗಿ ಇಣುಕಿದರು. ಕಂಡದ್ದು ತಮ್ಮದೇ ರೆಪ್ಪೆ. ಹಾಗೆಂದು ಹೇಳಲು ನಾಚಿಕೆಯಾಗಿ ಚೆಂದ ಅದ ಎಂದು ಇಳಿದು ಬಂದಿದ್ದರು.

ಬಹುಮಾನದ ಡಬ್ಬಿಯನ್ನು ಅವರು ಬಳಸಲಿಲ್ಲ. ಅಟ್ಟದ ಮೇಲೆ ಬೋರಲು ಹಾಕಿದರು. ನಕ್ಷತ್ರ ಯಾಕೆ ಸೊಟ್ಟಾಯಿತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಅವರಿಗೇ. ಮುಂದಿನ ಅಮವಾಸ್ಯೆಯಂದು ಮಾಳಿಗೆಯ ಮೇಲೆ ಗಂಡನ ಪಕ್ಕ ನೀರಿನ ತಂಬಿಗೆ ಇಟ್ಟು ಕೂತಿದ್ದರು. ಕೆಳಗಿನಿಂದ ದಪದಪ ಸದ್ದು ಬಂದಾಗಲೆಲ್ಲ ತಂಬಿಗೆಯ ನೀರಿನಲ್ಲಿ ಬಳೆ ಬಳೆಯಾಗಿ ಅಲೆ ಎದ್ದಿತು. ಗಂಡ ಚಿಕ್ಕಿ ಜಿಗಿಯಿತೆಂದು ಗೊಣಗಿ ತಿರುಪು ತಿರುಗಿಸಿದರು. ಮತ್ತೆ ದಪದಪ, ಮತ್ತೆ ಅಲೆ, ಮತ್ತೆ ಗೊಣಗು. ಪಕ್ಕದ ಮನೆಯ ಗುರುಸಿದ್ದವ್ವನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಎರಡೂ ಮನೆಗೆ ನಡುಗೋಡೆ ಒಂದೇ, ಮಣ್ಣಿನ ಮಾಳಿಗೆಯ ತೊಲೆಗಳೆಲ್ಲ ಅದೇ ಗೋಡೆಯ ಮೇಲೆ. ಒಂದೊಂದು ರೊಟ್ಟಿಗೂ ಆಕಾಶ ಅಷ್ಟಷ್ಟು ಅಲ್ಲಾಡುತ್ತಿತ್ತು.

ಮರುದಿನ ಜಯತೀರ್ಥರು ಕೈ ಹಿಸುಕಿಕೊಳ್ಳುತ್ತ ಹೋಗಿ ಅಮವಾಸ್ಯೆಗೊಮ್ಮೆ ಸ್ವಲ್ಪ ಹೊತ್ತು ರೊಟ್ಟಿ ನಿಲ್ಲಿಸಬಹುದೇ ಎಂದು ಕೇಳಿದರು. ಗುರುಸಿದ್ದವ್ವ ಕೈಯ ಹಿಟ್ಟು ಕೊಡವಿದರು.

"ಆಚಾರ್ರ, ನಿಮ್ಮ ಚಿಕ್ಕಿ ನಾಳೆನೂ ಬರ್ತಾವ್ರಿ. ರೈಲು ಇಳದು ಬಂದಾಂವ ಹಸದು ಹ್ವಾದ್ರ ಮತ್ತ ಬರೂದಿಲ್ಲ."

ಜಯತೀರ್ಥರು ಕೈಮುಗಿದು ಹೊರಟರು. ಅವರು ಮೆಟ್ಟಿಲು ಇಳಿಯುವಾಗ ಗುರುಸಿದ್ದವ್ವನಿಗೇ ಕನಿಕರ ಬಂತು. ಎಳ್ಳಮವಾಸ್ಯೆಯ ರಾತ್ರಿ ಒಂದು ಮಾತ್ರ ತಮ್ಮ ಒಲೆ ಹೊತ್ತುವುದಿಲ್ಲ, ಬಿಂಕದಕಟ್ಟಿಯ ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲಿ ಉಂಡು ಬಂದು ಮಲಗಿಬಿಡುತ್ತೇವೆ, ಆವತ್ತು ಬೇಕಾದರೆ ತೆಗೆದುಕೊಳ್ಳಿ ಎಂದರು.

ಜಯತೀರ್ಥರು ಮನೆಗೆ ಬಂದು ಪಂಚಾಂಗ ತೆಗೆದರು. ಎಳ್ಳಮವಾಸ್ಯೆಗೆ ಮಹಾವ್ಯಾಧ ಊಟದ ಹೊತ್ತಿಗೇ ಮೂಡಲಲ್ಲಿ ಮೇಲೇರಿರುತ್ತಾನೆ. ಹೊಲಕ್ಕೆ ನೈವೇದ್ಯ ಕೊಡುವ ಹಬ್ಬವನ್ನು ಹಿರಿಯರು ತಮ್ಮ ಸಲುವಾಗಿಯೇ ಅಲ್ಲಿಟ್ಟಂತೆ ಕಂಡಿತು. ಆದರೆ ಇರುವುದು ಅದೊಂದೇ ರಾತ್ರಿ. ಮುಂದಿನ ವರ್ಷಕ್ಕೆ ಕಾಯುವಂತೆಯೂ ಇರಲಿಲ್ಲ. ಅವರ ಮನೆಯ ಮುಂದೆ ಮರ್ಕ್ಯುರಿ ದೀಪದ ಕಂಬ ಆಗಲೇ ನಿಂತಿತ್ತು. ಸಂಕ್ರಾಂತಿ ಆದ ಮೇಲೆ ದೀಪ ಹತ್ತಬೇಕು. ಹತ್ತಿತೆಂದರೆ ಮಾಳಿಗೆಯ ಮೇಲೆ ಇರುವೆ ಕಾಣುತ್ತದೆ, ಮಹಾವ್ಯಾಧನ ಸೊಂಟದ ಕೆಳಗಿನ ಮಬ್ಬು ನೀಹಾರಿಕೆ ಕಾಣುವುದಿಲ್ಲ. ಆ ಆದೇಶ ಟೈಪು ಮಾಡಿದವರು ಸ್ವತಃ ಜಯತೀರ್ಥರೇ. ಓಣಿಯ ಹೆಂಗಸರು ಕೃತಜ್ಞತೆಯಿಂದ ಅವರ ಮನೆಗೆ ಪೇಢೆ ಕಳಿಸಿದ್ದರು. ಅವರು ಒಂದು ಪೇಢೆ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

ಎಳ್ಳಮವಾಸ್ಯೆಯ ಸಂಜೆ ಮೋಡವಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಹೊಲದಿಂದ ಗುರುಸಿದ್ದವ್ವನ ಚಕ್ಕಡಿ ಗಾಡಿ ಬಂತು, ಬುಟ್ಟಿ ಇಳಿಯಿತು, ಬಾಗಿಲು ಮುಚ್ಚಿತು. ಊಟ ಮುಗಿಸಿ ಜಯತೀರ್ಥರು ಕಂಬಳಿ ಹೊದ್ದು ಮೇಲೆ ಹೋದರು. ಪದ್ಮಾಬಾಯಿ ಮಾಳಿಗೆಯ ಮೇಲೆ ಹೆಜ್ಜೆ ಇಟ್ಟರೂ ತೊಲೆ ನಡುಗೀತೆಂದು ಕೆಳಗಿನ ಕಟ್ಟೆಯ ಮೇಲೆ ಕೂತರು. ಮೇಲಿನಿಂದ ಕ್ಯಾಮೆರಾ ಟಕ್ ಎಂದದ್ದು ಕೇಳಿತು. ಇನ್ನು ಇಪ್ಪತ್ತು ನಿಮಿಷ.

ಆಗ ಗೂಡ್ಸ್ ಶೆಡ್ಡಿನ ಕಡೆಯಿಂದ ನಾಲ್ಕು ಜನ ಹಮಾಲರು ಬಂದರು. ಮುಂದಾಳು ಕುಬೇರಪ್ಪ. ವ್ಯಾಗನ್ ತಡವಾಗಿ ಬಂದು, ಹತ್ತಿಯ ಅಂಡಿಗೆ ಇಳಿಸಿ, ಹಸಿದು ಬಂದಿದ್ದರು. ಖಾನಾವಳಿಯ ಬಾಗಿಲು ಬಡಿಯಲು ಕುಬೇರಪ್ಪ ಎತ್ತಿದ ಕೈಯನ್ನು ಪದ್ಮಾಬಾಯಿ ಓಡಿ ಹೋಗಿ ತಡೆದರು. ಪರ ಗಂಡಸಿನ ಕೈ ಹಿಡಿದದ್ದು ಅವರಿಗೆ ಹೊಳೆದದ್ದು ಮರುದಿನ.

ಮಾತಿನ ಸದ್ದಿಗೆ ಗುರುಸಿದ್ದವ್ವನೇ ಬಾಗಿಲು ತೆರೆದರು. ಹಸಿದ ನಾಲ್ಕು ಮುಖ ನೋಡಿದರು, ಮಾಳಿಗೆಯ ಕಡೆ ನೋಡಿದರು. ಕೈ ತನ್ನಷ್ಟಕ್ಕೆ ಹಿಟ್ಟಿನ ಡಬ್ಬಿಯ ಕಡೆ ಹೋಯಿತು.

"ಹಸದವರನ್ನ ಹೆಂಗ ಕಳಸೂದ್ರಿ, ಬಾಯಾರ?"

"ಕಳಸಬ್ಯಾಡ್ರಿ. ನಮ್ಮಲ್ಲಿ ಅನ್ನ-ಸಾರು ಅದ, ನಿಮ್ಮ ಬುಟ್ಟಿಯೊಳಗ ಚರಗದ ರೊಟ್ಟಿ ಉಳದಾವ. ನಮ್ಮ ಕಟ್ಟಿ ಮ್ಯಾಲೆ ಬಡಸೋಣ. ಬಡಿಯೂದು ಮಾತ್ರ ಬ್ಯಾಡ."

ಇಬ್ಬರು ಹೆಂಗಸರು ಬರಿಗಾಲಲ್ಲಿ, ಪಿಸುಮಾತಿನಲ್ಲಿ ಎಲೆ ಹಾಕಿದರು. ಈ ಮೌನ ಕಂಡು ಕುಬೇರಪ್ಪನವರಿಗೆ ಅನುಮಾನ ಬಂತು.

"ಯಾರರ ಹೋದ್ರೇನ್ರಿ?"

"ಯಾರೂ ಹೋಗಿಲ್ಲಪ್ಪ. ನಮ್ಮವರು ಮ್ಯಾಲೆ ಫೋಟೊ ತಗೀಲಿಕ್ಕತ್ತಾರ. ಅಲ್ಲಾಡಬಾರದು."

ಅಷ್ಟು ಸಾಕಾಯಿತು. ಕುಬೇರಪ್ಪನವರು ರುಮಾಲು ಸರಿಮಾಡಿಕೊಂಡರು, ಮೀಸೆ ತೀಡಿಕೊಂಡರು, ಮಾಳಿಗೆಯ ಕಡೆ ಮುಖ ಮಾಡಿ ಎದೆ ಸೆಟೆಸಿ ಕೂತರು. ಉಳಿದ ಮೂವರೂ ಅಂಗಿಯ ಗುಂಡಿ ಹಾಕಿಕೊಂಡು ಹಾಗೆಯೇ ಕೂತರು. ಊರಲ್ಲಿ ಫೋಟೊ ಎಂದರೆ ಮದುವೆಗೊಂದು, ಜಾತ್ರೆಗೊಂದು. ತೆಗೆಯುವಾಗ ಕಣ್ಣು ಮಿಟುಕಿಸಿದರೂ ಹಾಳಾಗುತ್ತದೆಂದು ಅವರಿಗೆ ಗೊತ್ತಿತ್ತು. ತುತ್ತು ಬಾಯಿಗೆ ಹೋಗುವಾಗಲೂ ಕತ್ತು ಅಲುಗಲಿಲ್ಲ. ನಡುನಡುವೆ ಕಡಕ್ ರೊಟ್ಟಿ ಮುರಿಯುವ ಸದ್ದು, ತಪ್ಪು ಮಾಡಿದವರ ಹಾಗೆ ಒಮ್ಮೆಲೆ ನಿಲ್ಲುವುದು, ಅಷ್ಟೇ. ಮೇಲೆ ಮತ್ತೆ ಟಕ್ ಎಂದಾಗ ಪದ್ಮಾಬಾಯಿ ಹಿಡಿದಿಟ್ಟ ಉಸಿರು ಬಿಟ್ಟರು. ಕುಬೇರಪ್ಪನವರು ಕೈ ತೊಳೆಯುತ್ತ ತಮಗೂ ಒಂದು ಕಾಪಿ ಬೇಕೆಂದು ಹೇಳಿ ಹೋದರು.

ಫಿಲ್ಮ್ ತೊಳೆಯಲು ಪದ್ಮಾಬಾಯಿ ತಾವೇ ಹೊರಟರು. ಅಟ್ಟದ ಡಬ್ಬಿ ಇಳಿಸಿ, ಸುರುಳಿಯನ್ನು ಅದರಲ್ಲಿಟ್ಟು ಸೆರಗಿನಲ್ಲಿ ಮುಚ್ಚಿಕೊಂಡು ಹೋದರು. ಸ್ಟುಡಿಯೋದ ಹುಚ್ಚೀರಪ್ಪನವರು ಮೊಡವೆ ತೆಗೆಯುವುದರಲ್ಲಿ ಇಡೀ ಗದಗಿಗೆ ಹೆಸರಾದವರು. ಮದುಮಗಳ ಮುಖದ ಮೇಲೆ ಒಂದು ಚುಕ್ಕೆ ಉಳಿಸಿದವರಲ್ಲ. ಜಯತೀರ್ಥರ ಮೊಟ್ಟಮೊದಲ ರೋಲಿನ ಚಿಕ್ಕಿಗಳನ್ನೆಲ್ಲ ಧೂಳೆಂದು ತಿಳಿದು, ಕುಂಚ ಹಿಡಿದು ಒಂದೊಂದಾಗಿ ಅಳಿಸಿ, ಸ್ವಚ್ಛ ಕಪ್ಪು ಕಾಗದ ಕೊಟ್ಟು ಕಳಿಸಿದ್ದವರು. ಹಾಗಾಗಿ ಪದ್ಮಾಬಾಯಿ ಬೆಂಚಿನ ಮೇಲೆ ಕೂತು ಕಾದರು.

ಹುಚ್ಚೀರಪ್ಪನವರು ಒದ್ದೆ ಪ್ರಿಂಟು ಹಿಡಿದು ಹೊರಗೆ ಬಂದರು. ಚಿಕ್ಕಿಗಳೆಲ್ಲ ಸೂಜಿಮೊನೆಯಂತೆ ಗುಂಡಗೆ ಕೂತಿದ್ದವು. ವ್ಯಾಧನ ಸೊಂಟದ ಕೆಳಗೆ, ಕಪ್ಪು ನೆಲದ ಮೇಲೆ, ಹಿಟ್ಟು ಊದಿದ ಹಾಗೆ ಒಂದು ಬೆಳ್ಳನೆಯ ಮಬ್ಬು.

"ಎಲ್ಲಾ ಚೊಲೋ ಬಂದೈತ್ರಿ, ಬಾಯಾರ. ಇಲ್ಲೊಂದ ಕಲೆ ಬಿದ್ದೈತಿ. ತಗದ ಕೊಡ್ತೀನಿ, ತಡೀರಿ."

"ಕುಂಚ ಕೆಳಗಿಡ್ರಿ," ಎಂದರು ಪದ್ಮಾಬಾಯಿ. "ಆ ಕಲೆ ಸಲುವಾಗಿನೇ ನಮ್ಮವರ ಮಂಡಿ ಹೋಗ್ಯಾವ."

ಅಂತೂ ಕಲೆ ಉಳಿಯಿತು, ಎರಡೂ ಅರ್ಥದಲ್ಲಿ. ಸಂಕ್ರಾಂತಿ ಕಳೆದು ಮನೆಯ ಮುಂದೆ ಮರ್ಕ್ಯುರಿ ದೀಪ ಹತ್ತಿತು. ಅದರ ಬೆಳಕಿನಲ್ಲಿ ಜಯತೀರ್ಥರು ಕೊಳವೆಗೆ ಬಟ್ಟೆ ಸುತ್ತಿ ಗೂಟಕ್ಕೆ ನೇತುಹಾಕಿದರು. ಸುತ್ತುವಾಗ ಕಣ್ಣಿಡುವ ಗಾಜನ್ನು ಮಾತ್ರ ತೆಗೆದು ತಮ್ಮ ಮೇಜಿನ ಖಾನೆಯಲ್ಲಿ ಇಟ್ಟುಕೊಂಡದ್ದನ್ನು ಪದ್ಮಾಬಾಯಿ ನೋಡಿದರು.

ಮುಂದಿನ ಸಲದ ಪ್ರದರ್ಶನದಲ್ಲಿ ಹೊಸ ಫೋಟೊ ವಿಜ್ಞಾನದ ಮೇಜಿನ ನಟ್ಟನಡುವೆ ನಿಂತಿತು. ಜ್ವಾಲಾಮುಖಿ ಪಕ್ಕಕ್ಕೆ ಸರಿಯಿತು. ಮತ್ತೆ ತುಳಸಾಬಾಯಿಯೇ ಅತಿಥಿ. ಹಿಂದಿನ ಎಡವಟ್ಟು ಈಗ ಅವರಿಗೂ ಗೊತ್ತಾಗಿತ್ತು. ಅದನ್ನು ತುಂಬಿಕೊಡುವ ಉತ್ಸಾಹದಲ್ಲಿ ಜಯತೀರ್ಥರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಮೈಕು ಕೈಗೆ ಕೊಟ್ಟರು. ಮೊದಲ ಸಾಲಿನಲ್ಲಿ ಪದ್ಮಾಬಾಯಿ, ಪಕ್ಕದಲ್ಲಿ ಗುರುಸಿದ್ದವ್ವ.

"ಆಚಾರ್ಯರ, ಅಷ್ಟೊತ್ತು ಉಸಿರು ಬಿಗಿಹಿಡಿದು ಕೂತು ಆ ಆಕಾಶದೊಳಗ ಏನೇನು ಕಂಡ್ರಿ? ನಮ್ಮ ಹುಡುಗರಿಗೆ ನಾಕು ಮಾತು ಹೇಳ್ರಿ."

ಪದ್ಮಾಬಾಯಿ ಮುಂದಕ್ಕೆ ಬಾಗಿದರು. ಇಷ್ಟು ವರ್ಷ ತಾವು ಕೇಳದೆ ಉಳಿದ ಪ್ರಶ್ನೆಯನ್ನು ಯಾರೋ ಕೇಳಿದ್ದರು. ಜಯತೀರ್ಥರು ಮೈಕನ್ನು ಒಮ್ಮೆ ನೋಡಿದರು, ಫೋಟೊವನ್ನು ಒಮ್ಮೆ ನೋಡಿದರು, ಕೊನೆಗೆ ಮೊದಲ ಸಾಲನ್ನು ನೋಡಿದರು. ಸುಳ್ಳು ಹೇಳಿ ರೂಢಿಯಿರಲಿಲ್ಲ.

"ಆಕಾಶ ನೋಡ್ಲಿಕ್ಕೆ ಎಲ್ಲಿ ಆಗ್ತದ್ರೀ? ಅದು ಕ್ಯಾಮೆರಾದ ಕೆಲಸ. ನಾನು ನಮ್ಮ ಮನಿಯವರ ಕೂದಲಾ ನೋಡ್ಕೋತ ಕೂತಿದ್ದೆ."